ಹಗ್ಗ ಸುಟ್ಟಿತೋ, ಉಳಿಯಿತೋ?

ಕಳೆದ ಮಳೆಗಾಲದ ಒಂದು ರವಿವಾರ, ಅನಗೋಳದ ನಮ್ಮ ಬಾಡಿಗೆ ಕೋಣೆಯಲ್ಲಿ ಒಂದು ಹಗ್ಗದ ಸಲುವಾಗಿ ಎರಡು ತಾಸು ಜಗಳವಾಯಿತು. ಹಗ್ಗ ನಿಜವಾದದ್ದಲ್ಲ. ಐದು ಮಂದಿ ಚಾಪೆಯ ಮೇಲೆ ಕುಳಿತು, ದಾಳ ಉರುಳಿಸುತ್ತ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಥೆಯೊಳಗಿನ ಹಗ್ಗ ಅದು. ನಾವು ಆಡುತ್ತಿದ್ದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ. ಗೊತ್ತಿಲ್ಲದವರಿಗೆ ಎರಡು ಮಾತು: ಇದರಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾತ್ರ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. 'ಡಂಜನ್ ಮಾಸ್ಟರ್' ಎನ್ನಿಸಿಕೊಳ್ಳುವ ಇನ್ನೊಬ್ಬ ಕಥೆ ನಡೆಸುತ್ತಾನೆ, ರಾಕ್ಷಸರನ್ನು ಆಡಿಸುತ್ತಾನೆ, ನಿಯಮದ ತಕರಾರು ಬಂದರೆ ತೀರ್ಪನ್ನೂ ಕೊಡುತ್ತಾನೆ. ಒಬ್ಬನಿಗೇ ಈ ಮೂರು ಕೆಲಸ. ಈ ಲೇಖನದ ಮೂಲ ಅಲ್ಲಿದೆ.

ಆವತ್ತಿನ ಪ್ರಸಂಗ ಹೀಗಿತ್ತು. ನೆಲಮಾಳಿಗೆಯ ಒಂದು ಆಳ ಬಾವಿ. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದೆವು, ನಡುವೆ ನಮ್ಮ ಯೋಧ ಅದನ್ನು ಬಿಗಿಯಾಗಿ ಹಿಡಿದಿದ್ದ, ಇನ್ನೊಂದು ತುದಿಗೆ ಜೋತುಬಿದ್ದು ನಮ್ಮ ಕಳ್ಳ ಕೆಳಗಿಳಿಯುತ್ತಿದ್ದ. ಕಳ್ಳನ ಪಾತ್ರ ನಮ್ಮಲ್ಲೇ ಸಣ್ಣವನಾದ, ಆಗಿನ್ನೂ ಪಿಯುಸಿ ಮುಗಿಸಿದ್ದ ಹುಡುಗನದು. ಎರಡು ವರ್ಷದಿಂದ ಆ ಪಾತ್ರವನ್ನು ಅವನು ಸಾಕಿಕೊಂಡು ಬಂದಿದ್ದ. ಅಷ್ಟರಲ್ಲಿ ಹಿಂದಿನಿಂದ ಶತ್ರುಗಳು ನುಗ್ಗಿದರು. ಮಾಂತ್ರಿಕ ನಾನು. 'ಫೈರ್‌ಬಾಲ್' ಎಸೆದೆ.

ನಾವು ಬಳಸುತ್ತಿದ್ದದ್ದು 2014ರ ಐದನೇ ಆವೃತ್ತಿ. ಅದರ ಪ್ರಕಾರ ಈ ಬೆಂಕಿಯುಂಡೆ 20 ಅಡಿ ತ್ರಿಜ್ಯದ ಗೋಳವಾಗಿ ಸಿಡಿಯುತ್ತದೆ, ಮೂಲೆಗಳನ್ನು ಸುತ್ತಿ ಹರಡುತ್ತದೆ, ಅಲ್ಲಿರುವ ಸುಡುವಂಥ ವಸ್ತುಗಳಿಗೆ ಬೆಂಕಿ ಹಚ್ಚುತ್ತದೆ. ಯಾರಾದರೂ ತೊಟ್ಟಿರುವ ಇಲ್ಲವೆ 'ಕ್ಯಾರಿ' ಮಾಡುತ್ತಿರುವ ವಸ್ತುಗಳಿಗೆ ಮಾತ್ರ ವಿನಾಯಿತಿ. ಹಾಗಾದರೆ ಯೋಧನ ಕೈಯೊಳಗಿನ ಹಗ್ಗ?

"ಹಗ್ಗ ಕೈಯಾಗೈತಿ, ಸುಡಂಗಿಲ್ಲ," ಎಂದೆ ನಾನು.

"ಒಂದ ಗೇಣು ಕೈಯಾಗೈತಿ. ಉಳದದ್ದು ಕಂಬಕ್ಕೈತಿ, ಬಾವ್ಯಾಗೈತಿ," ಎಂದ ಡಂಜನ್ ಮಾಸ್ಟರ್.

ಇಲ್ಲಿಂದ ಮಾತು ಭಾಷೆಗೆ ತಿರುಗಿತು. ಪುಸ್ತಕ ಇಂಗ್ಲಿಷಿನಲ್ಲಿದೆ, ನಾವು ಆಡುವುದು ಕನ್ನಡದಲ್ಲಿ, ಜಗಳ ಜೋರಾದಾಗ ಇಬ್ಬರು ಮರಾಠಿಗೆ ಹೋಗುತ್ತಾರೆ. ಅನಗೋಳದ ಯಾವ ಮನೆಯ ಅಂಗಳದಲ್ಲೂ ಇದು ಹೊಸತಲ್ಲ. 'ಕ್ಯಾರಿ' ಎಂಬುದನ್ನು 'ಹೊತ್ತುಕೊಂಡ' ಎಂದು ಓದಿದರೆ ಹಗ್ಗ ಸುಡುತ್ತದೆ, ಏಕೆಂದರೆ ಕಂಬಕ್ಕೆ ಕಟ್ಟಿದ ಹಗ್ಗವನ್ನು ಯಾರೂ ಹೊತ್ತಿರುವುದಿಲ್ಲ. 'ಹಿಡಿದುಕೊಂಡ' ಎಂದು ಓದಿದರೆ ಹಗ್ಗ ಉಳಿಯುತ್ತದೆ. ಒಬ್ಬ ಹುಡುಗನ ಎರಡು ವರ್ಷದ ಕಥೆ ಒಂದು ಕ್ರಿಯಾಪದಕ್ಕೆ ಜೋತುಬಿದ್ದಿತ್ತು.

ಕೊನೆಗೆ ಡಂಜನ್ ಮಾಸ್ಟರ್ ಹಗ್ಗ ಸುಟ್ಟಿತೆಂದ. ಕಳ್ಳ ಬಾವಿಗೆ ಬಿದ್ದ. ಹುಡುಗ ಮುಂದಿನ ಮೂರು ರವಿವಾರ ಬರಲಿಲ್ಲ.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಮನಸ್ಸಿಗೆ ಕಿರಿಕಿರಿಯಾದಾಗ ಹಳೆಯ ಕಾಗದ ತೆಗೆಯುವುದು ನಮ್ಮ ಜಾತಿಯ ರೋಗ. ಮಂತ್ರದ ಪದಕ್ಕೆ ಎರಡರ್ಥ ಬಂದಾಗ ಹಿಂದಿನವರು ಏನು ಮಾಡಿದರು ಎಂದು ಹುಡುಕತೊಡಗಿದೆ. ಈ ಜಗಳ ನಮ್ಮ ಚಾಪೆಗಿಂತ ಬಹಳ ಹಳೆಯದು ಎಂದು ತಿಳಿಯಲು ತಡವಾಗಲಿಲ್ಲ.

ಎರಡರ್ಥದ ಮಂತ್ರದ ಅತ್ಯಂತ ಪ್ರಸಿದ್ಧ ಪ್ರಕರಣ ವೈದಿಕ ಸಾಹಿತ್ಯದಲ್ಲಿದೆ. ಇಂದ್ರನು ತನ್ನ ಮಗನನ್ನು ಕೊಂದದ್ದಕ್ಕೆ ಸೇಡು ತೀರಿಸಿಕೊಳ್ಳಲು ತ್ವಷ್ಟೃ ಒಂದು ಹೋಮ ಮಾಡುತ್ತಾನೆ. ಹುಟ್ಟಲಿರುವವನು 'ಇಂದ್ರಶತ್ರು'ವಾಗಿ ಬೆಳೆಯಲಿ ಎಂಬುದು ಅವನ ಮಂತ್ರ. ಇಂದ್ರನನ್ನು ಕೊಲ್ಲುವವನು ಎಂಬರ್ಥ ಬರಬೇಕಾದರೆ ಸಮಾಸ ತತ್ಪುರುಷವಾಗಬೇಕು, ಉದಾತ್ತ ಸ್ವರ ಪದದ ಕೊನೆಯಲ್ಲಿ ಬೀಳಬೇಕು. ತ್ವಷ್ಟೃವಿನ ಬಾಯಲ್ಲಿ ಸ್ವರ ಮೊದಲ ಅಕ್ಷರಕ್ಕೆ ಬಿತ್ತು. ಸಮಾಸ ಬಹುವ್ರೀಹಿಯಾಯಿತು: ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ವೃತ್ರ ಹುಟ್ಟಿದ, ಬೆಳೆದ, ಇಂದ್ರನ ಕೈಯಲ್ಲೇ ಸತ್ತ. ವ್ಯಾಕರಣ ಯಾಕೆ ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರಿಸುವಾಗ ಪತಂಜಲಿಯ ಮಹಾಭಾಷ್ಯ ನೆನೆಯುವ ಉದಾಹರಣೆಗಳಲ್ಲಿ ಇದೂ ಒಂದು. ಇಲ್ಲಿ ತ್ವಷ್ಟೃವಿನ ಉದ್ದೇಶ ಏನೆಂದು ಎಲ್ಲರಿಗೂ ಗೊತ್ತು. ಆದರೂ ಮಂತ್ರ ಕೆಲಸ ಮಾಡಿದ್ದು ಉಚ್ಚರಿಸಿದ ಮಾತಿನ ಪ್ರಕಾರ.

ನಮ್ಮ ಪುರಾಣದ ವರಗಳದ್ದೂ ಇದೇ ದಾರಿ. ಹಿರಣ್ಯಕಶಿಪು ವಕೀಲನ ಹಾಗೆ ಎಲ್ಲ ಕಿಂಡಿ ಮುಚ್ಚಿ ವರ ಬೇಡಿದ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ನರಸಿಂಹ ಬಂದದ್ದು ಮುಸ್ಸಂಜೆಗೆ, ಹೊಸ್ತಿಲಿಗೆ. ವರದ ಒಂದಕ್ಷರವೂ ಮುರಿಯಲಿಲ್ಲ. ಅಮೆರಿಕದ ಆಟದಲ್ಲಿ 'ವಿಶ್' ಎಂಬ ಮಂತ್ರಕ್ಕೆ ಇದೇ ಗುಣವಿದೆ. ಶತ್ರು ಸತ್ತಿರಲಿ ಎಂದು ಬೇಡಿದವನನ್ನು ಆ ಶತ್ರು ಮುಪ್ಪಿನಿಂದ ಸತ್ತುಹೋಗಿರುವ ಭವಿಷ್ಯಕ್ಕೆ ಎಸೆದುಬಿಡಬಹುದು ಎಂದು ನಿಯಮಪುಸ್ತಕವೇ ಎಚ್ಚರಿಸುತ್ತದೆ. 1978ರ 'ಅಡ್ವಾನ್ಸ್ಡ್' ನಿಯಮಪುಸ್ತಕದಲ್ಲಿ 'ಕಮಾಂಡ್' ಎಂಬ ಮಂತ್ರದಿಂದ ಒಂದೇ ಪದದ ಆಜ್ಞೆ ಕೊಡಬಹುದಿತ್ತು. ಆದರೆ 'ಸುಯಿಸೈಡ್' ಎಂದು ಆಜ್ಞಾಪಿಸಿದರೆ ನಡೆಯುವುದಿಲ್ಲ, ಏಕೆಂದರೆ ಅದು ನಾಮಪದವೂ ಆಗಬಹುದು. ಪತಂಜಲಿ ಓದಿದ್ದರೆ ನಕ್ಕಿರುತ್ತಿದ್ದ.

ಆದರೆ ಅಕ್ಷರಕ್ಕೆ ಕಟ್ಟುಬೀಳುವುದೊಂದೇ ಹಳಬರ ದಾರಿಯಾಗಿರಲಿಲ್ಲ. ಯಜ್ಞದ ವಿಧಿಗಳನ್ನು ಓದುವುದಕ್ಕೆಂದೇ ಬೆಳೆದ ಶಾಸ್ತ್ರ ಮೀಮಾಂಸೆ. ಜೈಮಿನಿಯ ಸೂತ್ರಗಳು, ಅವುಗಳ ಮೇಲೆ ಶಬರನ ಭಾಷ್ಯ. ಅಲ್ಲಿ ಒಂದು ಸಣ್ಣ ಪ್ರಕರಣ ನನ್ನನ್ನು ಹಿಡಿದು ನಿಲ್ಲಿಸಿತು. ಯಜ್ಞವೇದಿಯಲ್ಲಿ ಜಿಡ್ಡು ಸವರಿದ ಹರಳುಕಲ್ಲುಗಳನ್ನು ಇಡಬೇಕೆಂದು ವಿಧಿ ಹೇಳುತ್ತದೆ. ಯಾವ ಜಿಡ್ಡು? ಎಣ್ಣೆಯೋ, ತುಪ್ಪವೋ, ಕೊಬ್ಬೋ? ವಿಧಿಯಲ್ಲಿಲ್ಲ. ಮೀಮಾಂಸಕರು ಅದೇ ಪ್ರಸಂಗದ ಮುಂದಿನ ಮಾತನ್ನು ನೋಡಿದರು. ಅಲ್ಲಿ ತುಪ್ಪದ ಸ್ತುತಿಯಿದೆ. ಆದ್ದರಿಂದ ತುಪ್ಪ. ಸಂದೇಹ ಬಂದಾಗ ಉಳಿದ ವಾಕ್ಯದಿಂದ ಅರ್ಥ ನಿಶ್ಚಯಿಸು ಎಂಬುದು ಇದರಿಂದ ಬಂದ ಸೂತ್ರ.

ಇನ್ನೊಂದು ಪ್ರಕರಣದಲ್ಲಿ ಮಂತ್ರದೊಳಗೆ ಇಂದ್ರನ ಹೆಸರಿದೆ, ಆದರೆ ಆ ಮಂತ್ರದಿಂದ ಗಾರ್ಹಪತ್ಯ ಎಂಬ ಅಗ್ನಿಯನ್ನು ಉಪಾಸಿಸಬೇಕೆಂದು ವಿಧಿ ನೇರವಾಗಿ ಹೇಳುತ್ತದೆ. ಹೆಸರನ್ನು ನಂಬಬೇಕೋ, ವಿಧಿಯನ್ನೋ? ನೇರವಾದ ಮಾತು ಸೂಚನೆಗಿಂತ ಬಲವಾದದ್ದು, ಆದ್ದರಿಂದ ಉಪಾಸನೆ ಅಗ್ನಿಗೇ ಸಲ್ಲುತ್ತದೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಜೈಮಿನಿ ಬಲದ ಕ್ರಮದಲ್ಲಿ ಜೋಡಿಸಿಟ್ಟ. ಹಿಂದಿನದು ಮುಂದಿನದಕ್ಕಿಂತ ಬಲಿಷ್ಠ. ಎರಡು ಓದು ಎದುರುಬದುರಾದಾಗ ಯಾವುದು ಗೆಲ್ಲಬೇಕು ಎಂಬುದನ್ನು ಜಗಳಕ್ಕೆ ಮೊದಲೇ ತೀರ್ಮಾನಿಸಿಟ್ಟ ವ್ಯವಸ್ಥೆ ಇದು. ನಮ್ಮ ಆಟದ ಪುಸ್ತಕ ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಮೀರುತ್ತದೆ ಎನ್ನುವಲ್ಲಿ, ವೈಯಾಕರಣರು ಉತ್ಸರ್ಗ ಮತ್ತು ಅಪವಾದ ಎಂದು ಕರೆದದ್ದನ್ನೇ ಹೇಳುತ್ತಿದೆ.

ಕನ್ನಡ ನಾಡಿನಲ್ಲಿ ಈ ಓದುವ ಕಲೆಗೆ ದೊಡ್ಡ ಹೆಸರು ವಿಜ್ಞಾನೇಶ್ವರ. ಕಲ್ಯಾಣದ ಚಾಳುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. 'ಸಪಿಂಡ' ಎಂಬ ಪದದಲ್ಲಿರುವ ಪಿಂಡಕ್ಕೆ ಶ್ರಾದ್ಧದ ಅನ್ನದುಂಡೆ ಎಂದೂ ಅರ್ಥ, ದೇಹ ಎಂದೂ ಅರ್ಥ. ವಿಜ್ಞಾನೇಶ್ವರ ದೇಹ ಎಂದ. ಬಂಗಾಳದ ಜೀಮೂತವಾಹನ ದಾಯಭಾಗದಲ್ಲಿ ಪಿಂಡದಾನದ ಕಡೆಗೆ ವಾಲಿದ. ಈ ಎರಡು ಓದುಗಳ ವ್ಯತ್ಯಾಸ ಶತಮಾನಗಳ ಕಾಲ ಯಾರ ಆಸ್ತಿ ಯಾರಿಗೆ ಎಂಬುದನ್ನು ನಿರ್ಧರಿಸಿತು. ಒಂದು ಪದದ ಮೇಲೆ ಹಗ್ಗಕ್ಕಿಂತ ದೊಡ್ಡ ಭಾರ ತೂಗಬಲ್ಲದು.

ಅದೇ ಮಿತಾಕ್ಷರದಲ್ಲಿ ಜೂಜಿನ ಪ್ರಕರಣವೂ ಇದೆ, ದ್ಯೂತಸಮಾಹ್ವಯ. ದಾಳದಂಥ ಜೀವವಿಲ್ಲದ್ದರಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಕಾದಾಡಿಸಿ ಪಣ ಕಟ್ಟುವುದು ಸಮಾಹ್ವಯ. ಮನು ಇವೆರಡನ್ನೂ ರಾಜ್ಯದಿಂದಲೇ ಹೊರಗಿಡಬೇಕೆಂದ. ಯಾಜ್ಞವಲ್ಕ್ಯ ಬೇರೆ ದಾರಿ ಹಿಡಿದ: ಆಟ ನಡೆಯಲಿ, ಆದರೆ ಕಣ್ಣೆದುರಿಗೆ ನಡೆಯಲಿ. ಆಟದ ಮನೆಗೆ ಸಭಿಕ ಎಂಬ ಒಡೆಯ. 100 ಅಥವಾ ಹೆಚ್ಚು ಗೆದ್ದವನಿಂದ ನೂರಕ್ಕೆ 5, ಉಳಿದವರಿಂದ ನೂರಕ್ಕೆ 10 ಅವನ ಪಾಲು. ಅದರಲ್ಲಿ ರಾಜನಿಗೂ ಭಾಗ. ಸೋತವನಿಂದ ಹಣ ವಸೂಲು ಮಾಡಿ ಗೆದ್ದವನಿಗೆ ಕೊಡಿಸುವುದು ಸಭಿಕನ ಹೊಣೆ. ಕಳ್ಳದಾಳ ಹಾಕಿದವನಿಗೆ ಗುರುತು ಸುಟ್ಟು ಗಡೀಪಾರು.

ಇಷ್ಟೆಲ್ಲ ಸರಿ, ಆಟದ ನಡುವೆ ತಕರಾರು ಬಂದರೆ ತೀರ್ಪುಗಾರರು ಯಾರು? ಸ್ಮೃತಿಯ ಉತ್ತರ ನನಗೆ ಅಚ್ಚರಿ ತಂದಿತು: ಆಟಗಾರರೇ. ನೋಡಿ ನಿರ್ಣಯಿಸುವವರೂ ಅವರೇ, ಸಾಕ್ಷಿಗಳೂ ಅವರೇ. ಅದೇ ಸ್ಮೃತಿ ಬೇರೊಂದು ಕಡೆ ಜೂಜುಗಾರರನ್ನು ಸಾಕ್ಷಿ ಹೇಳಲು ಅನರ್ಹರ ಪಟ್ಟಿಗೆ ಸೇರಿಸಿದೆ. ನ್ಯಾಯಸಭೆಯ ಸದಸ್ಯರು ಓದಿದ ಪಂಡಿತರಾಗಿರಬೇಕು ಎಂದೂ ಹೇಳಿದೆ. ವಿಜ್ಞಾನೇಶ್ವರ ಆ ನಿಷೇಧ, ಆ ಅರ್ಹತೆ ಇಲ್ಲಿ ಅನ್ವಯಿಸುವುದಿಲ್ಲ ಎಂದು ಬಿಡಿಸಿ ಹೇಳುತ್ತಾನೆ. ಅವನು ಕಾರಣವನ್ನು ಉದ್ದಕ್ಕೆ ಬರೆಯುವುದಿಲ್ಲ, ಆದರೆ ಊಹಿಸುವುದು ಕಷ್ಟವಲ್ಲ. ದಾಳ ಹೇಗೆ ಬಿದ್ದರೆ ಲೆಕ್ಕ, ಹೇಗೆ ಬಿದ್ದರೆ ಮತ್ತೆ ಎಸೆತ ಎಂಬುದು ಆಡಿದವರಿಗೆ ಗೊತ್ತು. ನಮ್ಮ ಅಜ್ಜಿಯರ ಚೌಕಾಬಾರದಲ್ಲೂ ಹಾಗೆಯೇ. ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ, ಮೂರು ಸಲ ಸಾಲಾಗಿ ನಾಲ್ಕು ಬಿದ್ದರೆ ಲೆಕ್ಕವೋ ರದ್ದೋ, ಇವು ಓಣಿಯಿಂದ ಓಣಿಗೆ ಬೇರೆ. ಯಾವ ಪುಸ್ತಕದಲ್ಲೂ ಹುಡುಕಬೇಕಾಗಿಲ್ಲ. ಆಟಕ್ಕೆ ಮೊದಲು "ಯಾರ ಮನೀ ರೂಲು?" ಎಂದು ಕೇಳಿದರಾಯಿತು.

ಕೇಳದೆ ಹೋದರೆ ಏನಾಗುತ್ತದೆಂದು ತಿಳಿಯಲು ಮಹಾಭಾರತದ ಸಭೆಗೆ ಹೋಗಬೇಕು. ದ್ಯೂತ ಶುರುವಾಗುವ ಮೊದಲೇ ಒಂದು ನಿಯಮದ ಪ್ರಶ್ನೆ ಎದ್ದಿತ್ತು. ಪಣ ಕಟ್ಟುವವನು ದುರ್ಯೋಧನ, ದಾಳ ಎಸೆಯುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯೆನಿಸುವುದಿಲ್ಲ ಎಂದು ಯುಧಿಷ್ಠಿರ ಬಾಯಿಬಿಟ್ಟು ಹೇಳುತ್ತಾನೆ. ಹೇಳಿ, ಸುಮ್ಮನಾಗಿ, ಆಡಲು ಕೂರುತ್ತಾನೆ. ಕೊನೆಗೆ ತಮ್ಮಂದಿರನ್ನು ಸೋತು, ತನ್ನನ್ನು ಸೋತು, ಆಮೇಲೆ ದ್ರೌಪದಿಯನ್ನು ಪಣಕ್ಕಿಡುತ್ತಾನೆ.

ಕರೆಯಲು ಬಂದ ದೂತನನ್ನು ದ್ರೌಪದಿ ಒಂದು ಪ್ರಶ್ನೆ ಕೊಟ್ಟು ಹಿಂದೆ ಕಳಿಸುತ್ತಾಳೆ: ಅರಸ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ನಮ್ಮಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಆರ್ತನಾದವೆಂದು ಓದುತ್ತೇವೆ. ಅದು ಅಚ್ಚುಕಟ್ಟಾದ ನಿಯಮಪ್ರಶ್ನೆಯೂ ಹೌದು. ತನ್ನ ಮೇಲೇ ಒಡೆತನ ಕಳೆದುಕೊಂಡವನು ಇನ್ನೊಬ್ಬರನ್ನು ಪಣಕ್ಕಿಡಬಲ್ಲನೇ? ಸ್ವತಂತ್ರನಲ್ಲದವನು ಪರರ ಸೊತ್ತನ್ನು ಒಡ್ಡಲಾರ, ಆದರೆ ಹೆಂಡತಿ ಗಂಡನ ಅಧೀನ, ಆದ್ದರಿಂದ ಧರ್ಮ ಸೂಕ್ಷ್ಮ, ನಾನು ನಿರ್ಣಯಿಸಲಾರೆ ಎಂದು ಭೀಷ್ಮ ಕೈಚೆಲ್ಲುತ್ತಾನೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತು, ಅವಳು ಐವರಿಗೂ ಸೇರಿದವಳು, ಒಡ್ಡಿದವನು ಮೊದಲೇ ಸೋತವನು, ಆದ್ದರಿಂದ ಅವಳು ಗೆಲ್ಲಲ್ಪಟ್ಟವಳಲ್ಲ ಎಂದು ವಾದಿಸುತ್ತಾನೆ. ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಗದುಗಿನ ಕುಮಾರವ್ಯಾಸನಿಂದ ಇಂದಿನ ಊರಾಟಗಳವರೆಗೆ ಕನ್ನಡದಲ್ಲಿ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದಾರೆ, ಆದರೆ ಆ ಪ್ರಶ್ನೆಗೆ ಸಭೆ ಉತ್ತರ ಕೊಡಲೇ ಇಲ್ಲ. ಅಪಶಕುನಕ್ಕೆ ಹೆದರಿದ ಧೃತರಾಷ್ಟ್ರ ವರ ಕೊಟ್ಟು ಮಾತು ಮುಗಿಸಿದ. ಸಭೆಯಲ್ಲಿ ಶಾಸ್ತ್ರ ಬಲ್ಲವರಿಗೆ ಕೊರತೆಯಿರಲಿಲ್ಲ. ನಿಯಮ ಓದಬೇಕಾದವರು ಗೆಲ್ಲುವವರ ಮನೆಯಲ್ಲಿ ಕುಳಿತಿದ್ದರು, ಅಷ್ಟೇ.

ತೀರ್ಪುಗಾರನನ್ನು ಆಟದಿಂದ ಬೇರೆ ಮಾಡುವ ಪ್ರಯತ್ನ ಆಧುನಿಕ ಕಾಲದಲ್ಲಿ ನಡೆದದ್ದು ಸೈನ್ಯದಲ್ಲಿ. 1824ರಲ್ಲಿ ಪ್ರಷ್ಯಾದ ಯುವ ಅಧಿಕಾರಿ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ತಿದ್ದಿ 'ಕ್ರೀಗ್‌ಸ್ಪೀಲ್' ನಿಯಮಗಳನ್ನು ಪ್ರಕಟಿಸಿದ. ಎರಡೂ ಪಕ್ಷಗಳು ತಮ್ಮ ಆಜ್ಞೆಗಳನ್ನು ಬರೆದು ಮೂರನೆಯವನಿಗೆ ಕೊಡಬೇಕು, ಅವನು ನಕ್ಷೆಯ ಮೇಲೆ ಕಾಯಿ ನಡೆಸಿ ಫಲಿತಾಂಶ ಹೇಳಬೇಕು. ಆ ಮೂರನೆಯವನಿಗೆ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ಇನ್ನೂ ಮುಂದೆ ಹೋಗಿ, ನಿಯಮದ ಕೋಷ್ಟಕ, ದಾಳ ಎರಡನ್ನೂ ಬಿಟ್ಟು ಅನುಭವಿ ತೀರ್ಪುಗಾರನ ವಿವೇಕಕ್ಕೇ ಆಟ ಒಪ್ಪಿಸಿ ಎಂದ.

ಈ ಯುದ್ಧದಾಟಗಳ ವಂಶದಲ್ಲೇ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿತು. ಮೂರು ಸಣ್ಣ ಪುಸ್ತಿಕೆ, ಒಂದು ಪೆಟ್ಟಿಗೆ, ಮೊದಲ ಮುದ್ರಣ 1000 ಪ್ರತಿ. ನಿಯಮಗಳು ಅರೆಬರೆ. ಕೊನೆಯ ಪುಟದಲ್ಲಿ ಲೇಖಕರು, ಸಂದೇಹ ಬಂದರೆ ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ, ನಿಮ್ಮ ಕಲ್ಪನೆಯ ಕೆಲಸ ನಾವೇಕೆ ಮಾಡಬೇಕು ಎಂಬ ಧಾಟಿಯಲ್ಲಿ ಮಾತು ಮುಗಿಸಿದರು. ಆದರೆ ಆಟ ಊರೂರಿಗೆ ಹರಡಿದಂತೆ ಓದುಗಳೂ ಊರಿಗೊಂದಾದವು. 1977ರಿಂದ 1979ರವರೆಗೆ ಬಂದ 'ಅಡ್ವಾನ್ಸ್ಡ್' ಆವೃತ್ತಿಯ ದಪ್ಪ ಪುಸ್ತಕಗಳಲ್ಲಿ ಗೈಗ್ಯಾಕ್ಸ್ ಎಲ್ಲ ಕಡೆ ಒಂದೇ ಆಟ ಇರಬೇಕೆಂದು ಪಟ್ಟುಹಿಡಿದ. ಅಲ್ಲಿನ ಬೆಂಕಿಯುಂಡೆ ಸುಮಾರು 33,000 ಘನ ಅಡಿ ಜಾಗ ತುಂಬುವವರೆಗೆ ಹರಿಯುತ್ತಿತ್ತು. ಇಕ್ಕಟ್ಟಾದ ಸುರಂಗದಲ್ಲಿ ಎಸೆದ ಮಾಂತ್ರಿಕರು ತಮ್ಮದೇ ಬೆಂಕಿಯಲ್ಲಿ ಬೆಂದರು, ಆಟಗಾರರು ಕಾಗದ ಪೆನ್ನು ಹಿಡಿದು ಘನಫಲ ಲೆಕ್ಕ ಹಾಕುತ್ತ ಕೂತರು. ನಿಯಮ ಹೆಚ್ಚಾದಂತೆ ಸಂದೇಹವೂ ಹೆಚ್ಚಾಯಿತು. 1979ರಲ್ಲಿ 'ಡ್ರ್ಯಾಗನ್' ಪತ್ರಿಕೆ 'ಸೇಜ್ ಅಡ್ವೈಸ್' ಎಂಬ ಪ್ರಶ್ನೋತ್ತರ ಅಂಕಣ ಶುರುಮಾಡಿತು. ಬರೆದದ್ದು, ಉದ್ದೇಶಿಸಿದ್ದು, ಮಜಾ ಕೊಡುವುದು ಎಂದು ಮೂರು ಬಗೆಯ ಓದನ್ನು ಇಂದಿನ ಆಟಗಾರರು ಗುರುತಿಸುತ್ತಾರೆ. ಸೂತ್ರ, ಭಾಷ್ಯ, ಟೀಕೆ ಎಂಬ ನಮ್ಮ ಪರಂಪರೆ ಶತಮಾನಗಳಲ್ಲಿ ನಡೆದ ದಾರಿಯನ್ನು ಈ ಆಟ ಐದು ವರ್ಷದಲ್ಲಿ ನಡೆಯಿತು.

1824 ಎಂಬ ಇಸವಿ ಬೆಳಗಾವಿಯವರಿಗೆ ಬೇರೆ ಕಾರಣಕ್ಕೆ ಬಾಯಿಪಾಠ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಪತ್ರದ ಸಹಿಯ ಮೇಲೆ ಸಂಶಯ, ದತ್ತಕ ನಡೆದ ಸಮಯದ ಮೇಲೆ ಸಂಶಯ, ಸರ್ಕಾರದ ಒಪ್ಪಿಗೆಯ ಪ್ರಶ್ನೆ. ಎಲ್ಲವೂ ಓದಿನ ಪ್ರಶ್ನೆಗಳೇ. ಒಂದು ಕಾಗದ, ಒಂದು ಪದ್ಧತಿ, ಅವಕ್ಕೆ ಎರಡರ್ಥ. ಆದರೆ ಓದಿ ತೀರ್ಪು ಕೊಡುವವನು ಕಂಪನಿಯ ಅಧಿಕಾರಿ, ದತ್ತಕ ಬಿದ್ದುಹೋದರೆ ಸಂಸ್ಥಾನ ಹೋಗುವುದು ಕಂಪನಿಯ ಕೈಗೆ. ರಾಣಿ ಚೆನ್ನಮ್ಮನ ಮನವಿಗೆ ಬೆಲೆ ಸಿಗಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡಳು. ಅದೇ ಹುಡುಗನ ಹಕ್ಕಿಗಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು.

ಆಟವನ್ನೂ ಗಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ನಿಜ. ಬಾವಿಗೆ ಬಿದ್ದ ಕಾಗದದ ಕಳ್ಳನಿಗೆ ಯಾರೂ ಅಳಬೇಕಾಗಿಲ್ಲ. ಆದರೆ ಒಂದೇ ವರ್ಷ ಬರ್ಲಿನ್ನಿನಲ್ಲಿ ಆಟಕ್ಕಾದರೂ ಪಕ್ಷವಿಲ್ಲದ ತೀರ್ಪುಗಾರ ಬೇಕೆಂದು ಒಬ್ಬ ಬರೆಯುತ್ತಿದ್ದ, ಇತ್ತ ಕಿತ್ತೂರಿನಲ್ಲಿ ಎದುರಾಳಿಯೇ ತೀರ್ಪುಗಾರನಾಗಿ ಕುಳಿತಿದ್ದ ಎಂಬುದು ನನ್ನನ್ನು ಬಿಡುತ್ತಿಲ್ಲ. ಪದಕ್ಕೆ ಎರಡರ್ಥ ಇರುವುದು ಭಾಷೆಯ ಸಹಜ ಗುಣ. ಯಾವ ಪುಸ್ತಕವೂ ಅದನ್ನು ಪೂರ್ತಿ ಅಳಿಸಲಾರದು. ಅಪಾಯ ಬರುವುದು, ಯಾವ ಅರ್ಥ ಗೆದ್ದರೆ ಲಾಭವೋ ಅವನೇ ಅರ್ಥ ಹೇಳಲು ಕುಳಿತಾಗ.

ನಾಲ್ಕನೇ ರವಿವಾರ ಹುಡುಗ ಬಂದ. ನಾನು ತುಪ್ಪ ಸವರಿದ ಹರಳುಕಲ್ಲಿನ ಕಥೆ ಹೇಳಿ, ಉಳಿದ ವಾಕ್ಯ ನೋಡೋಣ ಎಂದೆ. ತೊಟ್ಟದ್ದಕ್ಕೂ 'ಕ್ಯಾರಿ' ಮಾಡಿದ್ದಕ್ಕೂ ಒಂದೇ ಉಸಿರಿನಲ್ಲಿ ವಿನಾಯಿತಿ ಇದೆ. ಅಂದರೆ ಮೈಮೇಲಿನ ಬಟ್ಟೆ, ಬೆನ್ನ ಮೇಲಿನ ಚೀಲ ಸುಟ್ಟುಹೋಗದಿರಲಿ ಎಂಬುದು ಉದ್ದೇಶ. ಆ ಸಾಲಿನಲ್ಲಿ ಕಂಬಕ್ಕೆ ಕಟ್ಟಿದ ಹಗ್ಗ ನಿಲ್ಲುವುದಿಲ್ಲ. ಹಾಗಾಗಿ ನನ್ನ ಓದೇ ತಪ್ಪು, ಡಂಜನ್ ಮಾಸ್ಟರ್ ಹೇಳಿದ್ದೇ ಸರಿ.

ಹುಡುಗ ಎಲ್ಲ ಕೇಳಿಸಿಕೊಂಡ. "ಹಗ್ಗ ಸುಡಲಿ ಅಣ್ಣಾ," ಎಂದ. "ಎರಡ ತಾಸು ಜಗಳ ಆಡಿದ್ರಿ. ಹಗ್ಗಕ್ಕ ಜೋತಬಿದ್ದಾಂವ ನಾನು. ನನ್ನನ್ನ ಒಬ್ರೂ ಕೇಳಲಿಲ್ಲ."

ಯಾರಿಗೂ ಮಾತು ಹೊರಡಲಿಲ್ಲ. ವಿಜ್ಞಾನೇಶ್ವರನ ಆ ಪುಟವನ್ನು ಎಷ್ಟೋ ಸಲ ಓದಿದ್ದ ನನಗೆ, ಆಟಗಾರರೇ ತೀರ್ಪುಗಾರರು ಎಂಬ ಮಾತಿನಲ್ಲಿ ಸೋಲುವವನೂ ಸೇರಿದ್ದಾನೆ ಎಂಬುದು ಆಗ ಹೊಳೆಯಿತು.

ಈಗ ನಮ್ಮ ಕೋಣೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಸಂದೇಹ ಬಂದ ನಿಯಮ, ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ಅದರಲ್ಲಿ ಬರೆಯುತ್ತೇವೆ. ಯಾರ ಪಾತ್ರಕ್ಕೆ ಕುತ್ತು ಬಂದಿದೆಯೋ ಅವರು ಮೊದಲು ಮಾತಾಡಬೇಕು, ಕೊನೆಗೆ ಡಂಜನ್ ಮಾಸ್ಟರ್. ಮೊದಲ ಪುಟದಲ್ಲಿ ಹಗ್ಗದ ಪ್ರಕರಣವಿದೆ. ತೀರ್ಪು ಬದಲಾಗಿಲ್ಲ, ಹಗ್ಗ ಸುಟ್ಟಿದೆ. ಅದನ್ನು ಬರೆದವನು ಆ ಹುಡುಗನೇ. ಅವನ ಹೊಸ ಪಾತ್ರವೂ ಕಳ್ಳನೇ, ಆದರೆ ಈ ಸಲ ಕಬ್ಬಿಣದ ಸರಪಳಿ ಕೊಂಡುಕೊಂಡಿದ್ದಾನೆ.